ಅಡಿಕೆ ತೋಟದ ಮೇಲಿನ ವೈಫೈಗೆ ಯಾವ ಲೈಸೆನ್ಸು?

ಕಳೆದ ಮಳೆಗಾಲದ ಒಂದು ರಾತ್ರಿ ನೆರೂಳಿನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಊರಿನಿಂದ ಫೋನ್ ಬಂತು. ಅಪ್ಪಯ್ಯನದಿರಬೇಕು ಅಂದುಕೊಂಡೆ. ಅಲ್ಲ, ಸಿದ್ದಾಪುರ ತಾಲ್ಲೂಕಿನ ನಮ್ಮ ಮನೆಗೆ ಇಂಟರ್ನೆಟ್ ಕೊಡುವ ಹುಡುಗ. ‘ಅಣ್ಣಾ, ಪೇಟೆಯಿಂದ ಒಬ್ರು ಬಂದು ಹೆದರಿಸಿ ಹೋದ್ರು. ಲೈಸೆನ್ಸ್ ಇಲ್ದೆ ಹೀಗೆ ನೆಟ್ ಹಂಚಿದ್ರೆ ಜೈಲಂತೆ. ವೈಫೈಗೆ ಲೈಸೆನ್ಸ್ ಬೇಡ ಅಂತ ನೀವೇ ಹೇಳಿದ್ರಲ್ಲ?’

ಹೇಳಿದ್ದು ಹೌದು. ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ ಎನ್ನುವುದು ಆ ರಾತ್ರಿ ನನಗೂ ಹೊಳೆಯಿತು. ಮುಂಬೈಯಲ್ಲಿ ನೆಟ್‌ವರ್ಕ್ ಎಂಜಿನಿಯರ್ ಅನ್ನಿಸಿಕೊಂಡು ಸಂಬಳ ತೆಗೆದುಕೊಳ್ಳುವವನು ನಾನು. ಊರಲ್ಲಿ ನನ್ನ ಮಾತಿಗೆ ಇರುವ ತೂಕ ಆಫೀಸಿನಲ್ಲಿಲ್ಲ. ಹಾಗಾಗಿ ತಪ್ಪು ನನ್ನದೇ.

ಕಥೆ ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಊರಿಗೆ ಹೋದವನು ಅಲ್ಲೇ ಉಳಿದೆ. ಮೊಬೈಲ್ ಸಿಗ್ನಲ್ ಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ಆನ್‌ಲೈನ್ ಕ್ಲಾಸಿನ ಮಕ್ಕಳು, ಮನೆಯಿಂದ ಕೆಲಸ ಮಾಡುವ ಬೆಂಗಳೂರಿನವರು, ನಾನು, ಎಲ್ಲರೂ ಗುಡ್ಡದ ಮೇಲೆ ಕೊಡೆ ಹಿಡಿದು ಕೂರುತ್ತಿದ್ದೆವು. ಮಲೆನಾಡಿನ ಎಷ್ಟೋ ಊರುಗಳಲ್ಲಿ ಆಗ ಇದೇ ದೃಶ್ಯ. ನೆಟ್‌ವರ್ಕ್ ಕೊಡದಿದ್ದರೆ ವೋಟಿಲ್ಲ ಎಂದು ಫಲಕ ಹಾಕಿದ ಹಳ್ಳಿಗಳೂ ಇದ್ದವು. ಎರಡೂವರೆ ಕಿಲೋಮೀಟರ್ ಆಚೆ ಡಾಂಬರು ರಸ್ತೆ ಪಕ್ಕದ ಮನೆಗೆ ಫೈಬರ್ ಬಂದಿತ್ತು. ಆ ಮನೆಯ ಹುಡುಗ ಡಿಪ್ಲೊಮಾ ಓದಿ, ಡಿಶ್ ಟಿವಿ ಕೂರಿಸುವ ಕೆಲಸ ಮಾಡುತ್ತಿದ್ದ. ನಾನು ಎರಡು ಪುಟ್ಟ ಆಂಟೆನಾ ತರಿಸಿಕೊಟ್ಟೆ, ಅವನು ಕಂಬ ಹತ್ತಿದ. ಮೊದಲು ನಮ್ಮ ಮನೆ, ಆಮೇಲೆ ಪಕ್ಕದ ಕೇರಿ. ಈಗ 34 ಮನೆ, ತಿಂಗಳಿಗೆ 350 ರೂಪಾಯಿ. ಇಲ್ಲಿ ಕೂತು ಅಪ್ಪಯ್ಯನ ಮುಖ ನೋಡುತ್ತಿರುವುದು ಅವನ ದೆಸೆಯಿಂದ.

‘ಲೈಸೆನ್ಸ್ ಬೇಡ’ ಎಂದು ನಾನು ಹೇಳಿದ್ದು ತರಂಗಗಳ ಬಗ್ಗೆ. ನಮ್ಮ ದೇಶದಲ್ಲಿ ರೇಡಿಯೊ ಉಪಕರಣ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕೆಂದು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಹೇಳುತ್ತಿತ್ತು. ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದರೆ ಆ ಆಸ್ತಿಯಲ್ಲಿ ಒಂದು ತುಂಡನ್ನು ಎಲ್ಲರೂ ಕೇಳದೇ ಬಳಸುವಂತೆ ವೈಫೈಗೆ ಬಿಟ್ಟುಕೊಟ್ಟದ್ದು 2005ರಲ್ಲಿ, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. 5 ಗಿಗಾಹರ್ಟ್ಸ್ ಆಗ ಬಹುಪಾಲು ಮನೆಯೊಳಗಿನ ಬಳಕೆಗೆ ಮಾತ್ರ ಮುಕ್ತವಾಗಿತ್ತು. ಅದರ 605 ಮೆಗಾಹರ್ಟ್ಸ್ ಅನ್ನು ಮನೆಯ ಹೊರಗೂ ಬಳಸಬಹುದೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2018ರ ಅಕ್ಟೋಬರ್‌ನಲ್ಲಿ. ನಮ್ಮ ಹುಡುಗನ ಕಂಬಕ್ಕೆ ಜೀವ ಬಂದದ್ದು ಆ ಅಧಿಸೂಚನೆಯಿಂದ.

ಬಿಟ್ಟುಕೊಟ್ಟದ್ದಕ್ಕೂ ಷರತ್ತುಗಳಿವೆ. ಯಾರಿಗೂ ತೊಂದರೆ ಕೊಡಬಾರದು, ನಿಮಗೆ ಯಾರಾದರೂ ತೊಂದರೆ ಕೊಟ್ಟರೆ ದೂರುವಂತಿಲ್ಲ. ಪಕ್ಕದ ಊರಿನವನು ಅದೇ ಚಾನೆಲ್‌ನಲ್ಲಿ ಇನ್ನೊಂದು ಕಂಬ ನೆಟ್ಟರೆ ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು, ಕೋರ್ಟಿಗೆ ಹೋಗುವ ಹಾಗಿಲ್ಲ. ಉಪಕರಣಕ್ಕೆ ಸರ್ಕಾರದ ಮಾನ್ಯತೆ ಇರಬೇಕು. ಶಕ್ತಿಗೆ ಮಿತಿ ಇದೆ, 2.4ರಲ್ಲಿ 4 ವಾಟ್. ಸೆಟ್ಟಿಂಗ್‌ನಲ್ಲಿ ಬೇರೆ ಯಾವುದೋ ದೇಶದ ಹೆಸರು ಆರಿಸಿ ಶಕ್ತಿ ಏರಿಸಿಕೊಳ್ಳುವವರಿದ್ದಾರೆ. ನಮ್ಮವನೂ ಮಾಡಿದ್ದ, ಬೈದು ಸರಿ ಮಾಡಿಸಿದೆ.

ನನ್ನನ್ನು ನಗಿಸಿದ್ದು ಬೇರೊಂದು ಷರತ್ತು. 2005ರ ಆ ನಿಯಮದಲ್ಲಿ ಆಂಟೆನಾ ಅಧಿಕೃತ ಕಟ್ಟಡದ ಚಾವಣಿಯಿಂದ 5 ಮೀಟರ್ ಎತ್ತರದೊಳಗೆ ಇರಬೇಕೆಂದಿದೆ. ದೆಹಲಿಯ ಯಾವುದೋ ಬಹುಮಹಡಿ ಕಟ್ಟಡದಲ್ಲಿ ಕೂತು ಬರೆದ ಸಾಲು ಅದು. ನೆರೂಳಿನ ನಮ್ಮ ಹನ್ನೆರಡು ಮಹಡಿಯ ಸೊಸೈಟಿಗೆ ಚೆನ್ನಾಗಿ ಹೊಂದುತ್ತದೆ. ಸಿದ್ದಾಪುರದಲ್ಲಿ ಮನೆ ಇರುವುದು ಕಣಿವೆಯ ತಳದಲ್ಲಿ. ಹೆಂಚಿನ ಮಾಡಿನ ಮೇಲೆ 5 ಮೀಟರ್ ಹೋದರೂ ತಲೆಯ ಮೇಲೆ ಅಡಿಕೆ ಸೋಗೆ. ಈ ತರಂಗಗಳಿಗೆ ಮಳೆಯ ಹನಿಗಿಂತ ದೊಡ್ಡ ಶತ್ರು ಒದ್ದೆ ಎಲೆ. ಜುಲೈನಲ್ಲಿ ಎಲೆ ನೆನೆಯಿತೆಂದರೆ ಸಿಗ್ನಲ್ ಹೋಯಿತು. ಸೊಪ್ಪಿನಬೆಟ್ಟದಲ್ಲಿ ಕಂಬ ನೆಡೋಣವೆಂದರೆ ಅದು ಅರಣ್ಯ ಇಲಾಖೆಗೆ ಸೇರಿದ ವಿಷಯ. ಕೊನೆಗೆ ದೂರದ ಕೊಂಡಿಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ಎತ್ತರದಲ್ಲಿರುವ ಒಂದು ಮನೆಯವರನ್ನು ಒಪ್ಪಿಸಿ ಅಲ್ಲಿಂದ ಹಂಚಿದ. ಆ ಮನೆಗೆ ನೆಟ್ ಪುಕ್ಕಟೆ.

ಎಲೆಗಳನ್ನು ಇದಕ್ಕಿಂತ ಚೆನ್ನಾಗಿ ದಾಟಬಲ್ಲ ತರಂಗಗಳು ಇಲ್ಲವೆಂದಲ್ಲ. ಇಲ್ಲೇ ನಮ್ಮ ಪಕ್ಕದ ಪಾಲ್ಘರ್ ಜಿಲ್ಲೆಯ ಹಳ್ಳಿಗಳಲ್ಲಿ ಬಾಂಬೆ ಐಐಟಿಯವರು ‘ಗ್ರಾಮ್ ಮಾರ್ಗ್’ ಹೆಸರಿನಲ್ಲಿ ಟಿವಿ ಚಾನೆಲ್‌ಗಳ ನಡುವೆ ಖಾಲಿ ಬಿದ್ದಿರುವ ತರಂಗಗಳಲ್ಲಿ ಇಂಟರ್ನೆಟ್ ಹರಿಸಿ ತೋರಿಸಿದರು. ಅದು ಪ್ರಯೋಗದ ಅನುಮತಿಯ ಮೇಲೆ ನಡೆಯಿತು, ಆ ತರಂಗಗಳು ವೈಫೈಯಂತೆ ಎಲ್ಲರಿಗೂ ಮುಕ್ತವಾಗಲಿಲ್ಲ. 6 ಗಿಗಾಹರ್ಟ್ಸ್‌ನ ಕೆಳಗಿನ 500 ಮೆಗಾಹರ್ಟ್ಸ್ ಬಿಟ್ಟುಕೊಡುವ ಕರಡು 2025ರ ಮೇ ತಿಂಗಳಲ್ಲಿ ಬಂದಾಗ ನನ್ನ ಸಹೋದ್ಯೋಗಿಗಳು ಸಂಭ್ರಮಿಸಿದರು. ಅದರಲ್ಲಿದ್ದದ್ದು ಮನೆಯೊಳಗೆ ಕಡಿಮೆ ಶಕ್ತಿ, ಹೊರಗೆ ಅತಿ ಕಡಿಮೆ ಶಕ್ತಿ. ಫ್ಲ್ಯಾಟಿನಲ್ಲಿ ಸಿನಿಮಾ ನೋಡುವವರಿಗೆ ಹಬ್ಬ, ಕಣಿವೆ ದಾಟಬೇಕಾದವನಿಗೆ ಏನೂ ಇಲ್ಲ.

ಇದೆಲ್ಲ ತರಂಗಗಳ ಮಾತಾಯಿತು. ನಾನು ಹುಡುಗನಿಗೆ ಹೇಳದೇ ಬಿಟ್ಟದ್ದು ಇನ್ನರ್ಧ. ಮುಕ್ತ ತರಂಗದಲ್ಲಿ ನಿಮ್ಮ ಮನೆಗೆ ನೀವು ಕೊಂಡಿ ಹಾಕಿಕೊಂಡರೆ ಯಾರ ಅಪ್ಪಣೆಯೂ ಬೇಡ. ಅದೇ ಕೊಂಡಿಯಲ್ಲಿ ಇನ್ನೊಬ್ಬರಿಗೆ ದುಡ್ಡಿಗೆ ಇಂಟರ್ನೆಟ್ ಕೊಟ್ಟ ಕ್ಷಣ ನೀವು ಸೇವಾದಾತರು, ಅದಕ್ಕೆ ಅನುಮತಿ ಬೇಕು. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ದೂರಸಂಪರ್ಕ ಸೇವೆ ಕೊಟ್ಟರೆ 3 ವರ್ಷದವರೆಗೆ ಜೈಲು ಅಥವಾ 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೇಟೆಯವನು ಹೆದರಿಸಲು ಬಂದಿದ್ದು ಅವನ ಸ್ವಾರ್ಥಕ್ಕೆ, ಆದರೆ ಹೇಳಿದ್ದು ಸುಳ್ಳಲ್ಲ.

ಹಾಗಾದರೆ ಅನುಮತಿ ತೆಗೆದುಕೊಳ್ಳಬಾರದೇ? 2013ರ ಏಕೀಕೃತ ಲೈಸೆನ್ಸಿನಲ್ಲಿ ಸಣ್ಣವರಿಗೆಂದೇ ಸಿ ದರ್ಜೆ ಇದೆ, ಪ್ರವೇಶ ಶುಲ್ಕ ಬರೀ 20 ಸಾವಿರ. ದೇಶಕ್ಕೆಲ್ಲ ಅನ್ವಯಿಸುವ ಎ ದರ್ಜೆಗೆ 30 ಲಕ್ಷ. ಕೇಳಿದರೆ ಉದಾರವಾಗಿಯೇ ಇದೆ. ಆದರೆ ಅರ್ಜಿ ಹಾಕುವವರು ಕಂಪನಿಯಾಗಿರಬೇಕು. ಕಂಪನಿ ಎಂದಮೇಲೆ ಆಡಿಟರು, ಬ್ಯಾಂಕ್ ಗ್ಯಾರಂಟಿ, ಆದಾಯದಲ್ಲಿ ಸರ್ಕಾರದ ಪಾಲು, ಅದಕ್ಕೊಂದು ಲೆಕ್ಕಪತ್ರ, ಗ್ರಾಹಕರ ದಾಖಲೆ, ಯಾರು ಯಾವಾಗ ಬಳಸಿದರೆಂಬ ಲಾಗ್. ತಿಂಗಳಿಗೆ 34 ಗುಣಿಸು 350, ಹನ್ನೊಂದು ಸಾವಿರದ ಒಂಬೈನೂರು. ಅದರಲ್ಲಿ ಫೈಬರ್ ಬಿಲ್ಲು, ಸಿಡಿಲು ಬಡಿದರೆ ಹೊಸ ಆಂಟೆನಾ, ಪೆಟ್ರೋಲು ಕಳೆಯಿರಿ. ಆಡಿಟರ್ ಫೀಸು ಎಲ್ಲಿಂದ ಬರಬೇಕು?

ಹಾಗೆಂದು ನಿಯಮವೇ ಬೇಡ ಎನ್ನುವವರ ಪೈಕಿ ನಾನಲ್ಲ. ಅಮೆರಿಕದ ಪೋರ್ಟೊರಿಕೊದಲ್ಲಿ ಸಣ್ಣ ವೈರ್‌ಲೆಸ್ ಕಂಪನಿಗಳ 5 ಗಿಗಾಹರ್ಟ್ಸ್ ಉಪಕರಣಗಳು ಸಾನ್ ಹುವಾನ್ ವಿಮಾನ ನಿಲ್ದಾಣದ ಹವಾಮಾನ ರಾಡಾರಿಗೆ ಅಡ್ಡಿ ಮಾಡಿ, ಅಲ್ಲಿನ ನಿಯಂತ್ರಕರಾದ ಎಫ್‌ಸಿಸಿ ದಂಡ ಹಾಕಿದ್ದುಂಟು. ಇನ್ನೊಂದು ಘಟನೆ ನಮ್ಮ ಮನೆಗೆ ಎರಡೇ ಸ್ಟೇಷನ್ ದೂರದ್ದು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಮುಂಚೆ ಬಂದ ಬೆದರಿಕೆಯ ಇ-ಮೇಲ್ ಹೊರಟದ್ದು ಸಾನ್ಪಾಡಾದ ಒಂದು ಮನೆಯ ಪಾಸ್‌ವರ್ಡ್ ಇಲ್ಲದ ವೈಫೈಯಿಂದ. ಮನೆಯವರಿಗೆ ಅದರ ಸುಳಿವೂ ಇರಲಿಲ್ಲ. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ಸಾರ್ವಜನಿಕ ವೈಫೈ ಬಳಸುವವರ ಗುರುತು ದಾಖಲಿಸಬೇಕೆಂದು ಸೂಚನೆ ಕೊಟ್ಟಿತು. ನಮ್ಮ ಹುಡುಗ 34 ಮನೆಗೂ ಒಂದೇ ಪಾಸ್‌ವರ್ಡ್ ಕೊಟ್ಟಿದ್ದ. ನಿಜ ಹೇಳಬೇಕೆಂದರೆ ನನ್ನ ನಿದ್ದೆ ಕೆಡಿಸಿದ್ದು 2 ಕೋಟಿ ದಂಡಕ್ಕಿಂತ ಈ ಪಾಸ್‌ವರ್ಡು.

ಲೈಸೆನ್ಸೇ ಬೇಡದ ದಾರಿಯೂ ಒಂದಿದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ. ಚಹಾ ಅಂಗಡಿಯವನೂ ವೈಫೈ ಮಾರಬಹುದು, ಲೈಸೆನ್ಸ್ ಇಲ್ಲ, ನೋಂದಣಿ ಇಲ್ಲ, ಶುಲ್ಕ ಇಲ್ಲ. ಗುರುತು, ಲೆಕ್ಕ ಎಲ್ಲ ನೋಡಿಕೊಳ್ಳುವುದು ಮೇಲಿನ ಅಗ್ರಿಗೇಟರ್ ಸಂಸ್ಥೆ. ಮೊದಲ ವರ್ಷಗಳಲ್ಲಿ ದೊಡ್ಡ ಕಂಪನಿಗಳು ಇಂಥ ಅಂಗಡಿಗಳಿಗೆ ಮನೆಯ ಪ್ಲ್ಯಾನ್ ಕೊಡದೆ ಎಷ್ಟೋ ಪಟ್ಟು ದುಬಾರಿ ಲೀಸ್ಡ್ ಲೈನ್ ತೋರಿಸುತ್ತಿದ್ದವು. 2025ರ ಜೂನ್‌ನಲ್ಲಿ ಟ್ರಾಯ್, 200 ಎಂಬಿಪಿಎಸ್‌ವರೆಗಿನ ಮನೆ ಪ್ಲ್ಯಾನ್‌ಗಳನ್ನು ಇವರಿಗೆ ಹೆಚ್ಚೆಂದರೆ ಎರಡು ಪಟ್ಟು ದರದಲ್ಲಿ ಕೊಡಬೇಕೆಂದು ಆದೇಶಿಸಿತು. ಒಳ್ಳೆಯ ಆದೇಶ. 2018ರ ದೂರಸಂಪರ್ಕ ನೀತಿ 2022ರೊಳಗೆ 1 ಕೋಟಿ ಹಾಟ್‌ಸ್ಪಾಟ್ ಗುರಿ ಇಟ್ಟಿತ್ತು, ಅದರ ಹತ್ತಿರಕ್ಕೂ ನಾವು ಬರಲಿಲ್ಲ. ಈ ಆದೇಶ ಐದು ವರ್ಷ ಮೊದಲೇ ಬಂದಿದ್ದರೆ ಎಂದು ಅನ್ನಿಸದೇ ಇರದು.

ನಮ್ಮೂರಿಗೆ ಅದನ್ನೇ ಮಾಡೋಣವೆಂದು ಕೇರಿಗೊಂದು ಹಾಟ್‌ಸ್ಪಾಟ್ ಲೆಕ್ಕ ಹಾಕಿದೆವು. ಆ್ಯಪ್ ಹಾಕಿಕೊಳ್ಳಬೇಕು, ನೋಂದಣಿಗೆ ಮೊಬೈಲಿಗೆ ಒಟಿಪಿ ಬರಬೇಕು. ಒಟಿಪಿ ಬರಲು ಸಿಗ್ನಲ್ ಬೇಕು, ಸಿಗ್ನಲ್ ಇರುವುದು ಗುಡ್ಡದ ಮೇಲೆ. 76ರ ಅಪ್ಪಯ್ಯ ವೈಫೈ ಸಲುವಾಗಿ ಗುಡ್ಡ ಹತ್ತಬೇಕೆಂದರೆ ವೈಫೈ ಯಾಕೆ ಬೇಕು?

ಉಳಿದದ್ದು ಕೇಬಲ್‌ನವರು ಹಿಂದಿನಿಂದ ಮಾಡುತ್ತಿರುವ ದಾರಿ, ಲೈಸೆನ್ಸ್ ಇರುವ ಕಂಪನಿಯೊಂದರ ಫ್ರಾಂಚೈಸಿ ಆಗುವುದು. ಸೇವೆ ಅವರದು, ಬಿಲ್ಲು ಅವರದು, ಲಾಗ್ ಅವರದು. ಕಂಬ ಮತ್ತು ಏಣಿ ನಮ್ಮದು. ಮೂರು ಕಂಪನಿ ಕೇಳಿದೆವು. ಒಬ್ಬರು ಕನಿಷ್ಠ 200 ಮನೆ ಇರಬೇಕೆಂದರು, ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ. ಮೂರನೆಯವರು ಒಪ್ಪಿದರು, ಅರ್ಧದಷ್ಟು ಹಣ ತಮಗೆಂದು. ಜಿಎಸ್‌ಟಿ ಸೇರಿ ಈಗ ಮನೆಗೆ 470 ರೂಪಾಯಿ. ನಾಲ್ಕು ಮನೆಯವರು ಬಿಟ್ಟರು. ಅದರಲ್ಲಿ ಒಂದು ಮನೆಯಲ್ಲಿ ಪಿಯುಸಿ ಓದುವ ಹುಡುಗಿ ಇದ್ದಾಳೆ. ಅವಳಿಗೆ ಪರೀಕ್ಷೆ ಮುಗಿಯುವವರೆಗೆ ದುಡ್ಡು ಕೇಳುವುದಿಲ್ಲ ಎಂದನಂತೆ. ಅದು ಫ್ರಾಂಚೈಸಿ ಕರಾರಿನಲ್ಲಿ ಇಲ್ಲ, ನಾನೂ ಹೆಚ್ಚು ಕೇಳಲಿಲ್ಲ.

ನಿಮ್ಮಲ್ಲಿಯೂ ಅನೇಕರು ಚೆನ್ನೈ, ಪುಣೆಗಳಲ್ಲಿ ಕೂತು ಊರಿನ ತಂದೆತಾಯಿಗೆ ಇಂಥ ಕೊಂಡಿ ಹಾಕಿಸಿರುತ್ತೀರಿ. ಕೊಡುವವರ ಬಿಲ್ಲಿನ ಮೇಲೆ ಲೈಸೆನ್ಸ್ ಇರುವ ಕಂಪನಿಯ ಹೆಸರಿದೆಯೇ, ನಿಮ್ಮ ಮನೆಗೆ ಪ್ರತ್ಯೇಕ ಲಾಗಿನ್ ಇದೆಯೇ, ಒಮ್ಮೆ ಕೇಳಿ ನೋಡಿ. ಕೇಳುವಾಗ ಹೆದರಿಸಬೇಡಿ.

ಹೊಸ ಲಾಗಿನ್‌ಗೆಂದು ಹುಡುಗ ಆಧಾರ್ ಪ್ರತಿ ಕೇಳಲು ಹೋದಾಗ ಅಪ್ಪಯ್ಯನಿಗೆ ಸಿಟ್ಟು ಬಂತಂತೆ. ರಾತ್ರಿ ವಿಡಿಯೊ ಕಾಲ್‌ನಲ್ಲಿ ನನ್ನ ಹತ್ತಿರ ದೂರು: ‘ಅವನನ್ನ ತೊಟ್ಟಿಲಲ್ಲಿ ನೋಡಿದವ ನಾನು. ಈಗ ನಾನು ಯಾರು ಅಂತ ಅವನಿಗೆ ಕಾಗದ ಕೊಡ್ಬೇಕಾ?’ ಕೊಡಬೇಕು ಅಪ್ಪಯ್ಯ ಅಂದೆ. ಚಿತ್ರ ಒಮ್ಮೆ ನಿಂತು ಮತ್ತೆ ಬಂತು. ಹೊರಗೆ ಮಳೆ ಜೋರಿತ್ತು.