ಮನೆಯ ಮೇಲಿನ ಡಿಶ್ ಆ್ಯಂಟೆನಾ: ಜೋಡಣೆಯ ಕ್ರಮ ಮತ್ತು ತರಗತಿಯ ಬಳಕೆ

ಗಡಿಯಾಚೆಯ ಕನ್ನಡ ಮಗುವಿನ ಕಿವಿಗೆ ಬೀಳುವ ಕನ್ನಡ ಕೆಲವೇ ನೆಲೆಗಳಿಂದ ಬರುತ್ತದೆ. ಮನೆ ಒಂದು, ಶಾಲೆ ಇನ್ನೊಂದು. ಪೇಟೆ, ಬಸ್ಸು, ಕಚೇರಿಗಳಲ್ಲಿ ಆಯಾ ರಾಜ್ಯದ ಭಾಷೆಯೇ ನಡೆಯುವುದು ಸಹಜ. ಮೂರನೆಯ ನೆಲೆಯಾಗಿ ಉಳಿಯುವುದು ರೇಡಿಯೊ ಮತ್ತು ದೂರದರ್ಶನ. ಈ ಮೂರನೆಯ ನೆಲೆ ಮನೆಯೊಳಗೆ ಬರುವುದು ಛಾವಣಿಯ ಮೇಲಿನ ಆ್ಯಂಟೆನಾದ ಮೂಲಕ. ಅದನ್ನು ಸರಿಯಾಗಿ ನಿಲ್ಲಿಸುವ ಕ್ರಮವನ್ನು ತಿಳಿಯುವುದು ಮನೆಗೆ ಉಪಯುಕ್ತ. ಪ್ರೌಢಶಾಲೆಯ ಗಣಿತ ಹಾಗೂ ವಿಜ್ಞಾನದ ಹಲವು ಪಾಠಗಳಿಗೆ ಅದು ಕಣ್ಣೆದುರಿನ ಉದಾಹರಣೆಯೂ ಆಗುತ್ತದೆ.

ಕಡ್ಡಿ ಆ್ಯಂಟೆನಾದಿಂದ ಡಿಶ್‌ಗೆ

ಹಿಂದೆ ಮನೆಗಳ ಮೇಲೆ ಕಾಣುತ್ತಿದ್ದ ಅಲ್ಯೂಮಿನಿಯಂ ಕಡ್ಡಿಗಳ ಆ್ಯಂಟೆನಾಕ್ಕೆ ಯಾಗಿ-ಉಡಾ ಆ್ಯಂಟೆನಾ ಎಂದು ಹೆಸರು. ಜಪಾನಿನ ಶಿಂತಾರೊ ಉಡಾ ಮತ್ತು ಹಿದೆತ್ಸುಗು ಯಾಗಿ ಅವರು 1926ರಲ್ಲಿ ಇದನ್ನು ಪ್ರಕಟಪಡಿಸಿದರು. ಅದು ನೆಲದ ಮೇಲಿನ ಪ್ರಸಾರ ಗೋಪುರದಿಂದ ಬರುವ ಅಲೆಗಳನ್ನು ಹಿಡಿಯುತ್ತಿತ್ತು. ಆ ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುವುದರಿಂದ ಗೋಪುರದ ವ್ಯಾಪ್ತಿಗೆ ಮಿತಿಯಿತ್ತು. ಗಡಿಯ ಮನೆಗೆ ಹತ್ತಿರದ ಗೋಪುರ ಯಾವ ಭಾಷೆಯಲ್ಲಿ ಮಾತನಾಡುತ್ತಿತ್ತೋ ಅದೇ ಭಾಷೆ ಪರದೆಯ ಮೇಲೆ ಬರುತ್ತಿತ್ತು. 2022ರ ಮಾರ್ಚ್ ಅಂತ್ಯದ ವೇಳೆಗೆ ದೂರದರ್ಶನವು ಕೆಲವನ್ನು ಬಿಟ್ಟು ಉಳಿದ ಅನಲಾಗ್ ಗೋಪುರಗಳನ್ನೆಲ್ಲ ನಿಲ್ಲಿಸಿತು.

ಉಪಗ್ರಹ ಪ್ರಸಾರಕ್ಕೆ ರಾಜ್ಯದ ಗಡಿ ಅಡ್ಡಬರುವುದಿಲ್ಲ. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಉಚಿತ ಸೇವೆ ಇಂದು ಡಿಡಿ ಫ್ರೀ ಡಿಶ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಉಪಕರಣಕ್ಕೆ ಒಮ್ಮೆ ಹಣ ತೆತ್ತರೆ ಸಾಕು, ತಿಂಗಳ ಶುಲ್ಕವಿಲ್ಲ. ಕನ್ನಡದ ಚಂದನ ವಾಹಿನಿಯೂ ಪಿಎಂ ಇ-ವಿದ್ಯಾದ ಶೈಕ್ಷಣಿಕ ವಾಹಿನಿಗಳೂ ಅದರಲ್ಲಿ ದೊರೆಯುತ್ತವೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕರ್ನಾಟಕದ ಪ್ರೌಢಶಾಲಾ ಪಾಠಗಳು ಚಂದನದಲ್ಲಿ ಪ್ರಸಾರವಾದವು. ಡಿಶ್ ಇದ್ದ ಗಡಿನಾಡಿನ ಮನೆಗೂ ಆ ಪಾಠಗಳು ತಲುಪುವಂತಿದ್ದವು.

ಡಿಶ್ ಕೆಲಸ ಮಾಡುವ ಬಗೆ

ಈ ಪ್ರಸಾರ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರಿನಲ್ಲಿ ಹಾರಿಸಲಾದ ಅದು ಸಮಭಾಜಕ ವೃತ್ತದ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ. ಭೂಮಿ ತಿರುಗುವ ವೇಗಕ್ಕೆ ಹೊಂದಿಕೊಂಡು ಸುತ್ತುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುತ್ತದೆ. ಆದಕಾರಣ ಡಿಶ್ಶನ್ನು ಒಮ್ಮೆ ಸರಿಯಾಗಿ ತಿರುಗಿಸಿ ಬಿಗಿದರೆ ಮತ್ತೆ ಅಲುಗಿಸಬೇಕಿಲ್ಲ.

ಡಿಶ್‌ನ ಮೈ ಪರವಲಯದ ಆಕಾರದ್ದು. ದೂರದಿಂದ ಸಮಾಂತರವಾಗಿ ಬರುವ ಅಲೆಗಳು ಅದರ ಮೇಲೆ ಪ್ರತಿಫಲಿಸಿ ನಾಭಿಯಲ್ಲಿ ಕೂಡುತ್ತವೆ. ತೋಳಿನ ತುದಿಯಲ್ಲಿ, ಆ ನಾಭಿಯಲ್ಲಿ, ಎಲ್‌ಎನ್‌ಬಿ ಎಂಬ ಪುಟ್ಟ ಉಪಕರಣ ಕುಳಿತಿರುತ್ತದೆ. ಅದು ಕ್ಷೀಣವಾದ ಸಂಕೇತವನ್ನು ವರ್ಧಿಸಿ, ಕೇಬಲ್ಲಿನಲ್ಲಿ ಸಾಗಬಲ್ಲ ಕಡಿಮೆ ಆವೃತ್ತಿಗೆ ಇಳಿಸಿ, ಸೆಟ್‌ಟಾಪ್ ಬಾಕ್ಸ್‌ಗೆ ಕಳುಹಿಸುತ್ತದೆ.

ಸ್ಥಳದ ಆಯ್ಕೆ

ದಕ್ಷಿಣ ಭಾರತದಿಂದ ನೋಡಿದರೆ ಈ ಉಪಗ್ರಹ ಆಗ್ನೇಯದಲ್ಲಿದೆ. ಉತ್ತರದಿಂದ ಪೂರ್ವದ ಕಡೆಗೆ ಅಳೆದ ದಿಕ್ಕು ಮತ್ತು ದಿಗಂತದಿಂದ ಮೇಲಕ್ಕೆ ಅಳೆದ ಉನ್ನತ ಕೋನ ಸುಮಾರು ಹೀಗಿವೆ:

ಕಾಸರಗೋಡು: ದಿಕ್ಕು 123°, ಉನ್ನತ ಕೋನ 64°
ಹೊಸೂರು: ದಿಕ್ಕು 128°, ಉನ್ನತ ಕೋನ 66°
ಆದೋನಿ: ದಿಕ್ಕು 133°, ಉನ್ನತ ಕೋನ 64°
ಸೊಲ್ಲಾಪುರ: ದಿಕ್ಕು 134°, ಉನ್ನತ ಕೋನ 61°

ವಯನಾಡು, ನೀಲಗಿರಿ, ಗೋವಾ, ಪಶ್ಚಿಮ ತೆಲಂಗಾಣಗಳ ಬೆಲೆಗಳೂ ಇವುಗಳ ಆಸುಪಾಸಿನಲ್ಲೇ ಇವೆ. ಉನ್ನತ ಕೋನ ಅರವತ್ತನ್ನು ಮೀರಿರುವುದರಿಂದ ನೀಲಗಿರಿಯ ಇಳಿಜಾರುಗಳು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಅಡ್ಡಿ ಬರುವುದು ಮನೆಗೆ ಒತ್ತಿಕೊಂಡ ತೆಂಗು, ಅಡಕೆ, ಮಾವಿನ ಮರಗಳಿಂದ. ಸ್ಪರ್ಶಕದ ಕೋಷ್ಟಕದಲ್ಲಿ 64 ಡಿಗ್ರಿಯ ಬೆಲೆ ಸುಮಾರು 2. ಹಾಗಾಗಿ ಆಗ್ನೇಯದಲ್ಲಿರುವ ಮರ ಡಿಶ್‌ಗಿಂತ ಎಷ್ಟು ಎತ್ತರವಿದೆಯೋ ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರ ಬಿಟ್ಟರೆ ಸಾಕು. ಡಿಶ್‌ಗಿಂತ 12 ಮೀಟರ್ ಎತ್ತರದ ತೆಂಗು 7 ಮೀಟರ್ ಆಚೆಗಿದ್ದರೆ ತೊಂದರೆಯಿಲ್ಲ. ಅದರ ಹರಡಿದ ಗರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದನ್ನು ಪರೀಕ್ಷಿಸಲು ಸೂರ್ಯನೇ ಸಾಧನ. ಮಾರ್ಚ್ ಮಧ್ಯಭಾಗದಲ್ಲಿಯೂ ಸೆಪ್ಟೆಂಬರ್ ಕೊನೆಯಲ್ಲಿಯೂ ಕೆಲವು ದಿನ, ಬೆಳಿಗ್ಗೆ ಹನ್ನೊಂದರ ಆಚೀಚೆ, ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆ ಹೊತ್ತಿನಲ್ಲಿ ಡಿಶ್ ನಿಲ್ಲಿಸುವ ಜಾಗದ ಮೇಲೆ ಪೂರ್ಣ ಬಿಸಿಲಿದ್ದರೆ ದಾರಿ ತೆರವಾಗಿದೆ. ನೆರಳು ಬಿದ್ದರೆ ಅಡ್ಡಿಯಿದೆ. ಅವೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ನಿಂತುಹೋದರೆ ಗಾಬರಿಪಡಬೇಕಿಲ್ಲ. ಸೂರ್ಯನ ರೇಡಿಯೊ ಅಲೆಗಳು ಉಪಗ್ರಹದ ಸಂಕೇತವನ್ನು ಮುಳುಗಿಸುವುದೇ ಅದಕ್ಕೆ ಕಾರಣ.

ಜೋಡಣೆಯ ಕ್ರಮ

1. ಕಂಬ. ಕಂಬ ಎಲ್ಲ ಕಡೆಯಿಂದಲೂ ನೇರವಾಗಿ ನಿಲ್ಲಬೇಕು. ತೂಕದ ಗುಂಡು ಕಟ್ಟಿದ ದಾರದಿಂದ ಪರೀಕ್ಷಿಸಬಹುದು. ಕಂಬ ವಾಲಿದರೆ ಮುಂದಿನ ಕೋನಗಳೆಲ್ಲ ತಪ್ಪುತ್ತವೆ. ಆರ್‌ಸಿಸಿ ಛಾವಣಿಗೆ ಬೋಲ್ಟ್ ಹಾಕಬಹುದು. ಹಂಚಿನ ಮನೆಗೆ ಗೋಡೆಯ ಬದಿಯೇ ಲೇಸು. ಮಣ್ಣಿನ ಮಾಳಿಗೆಯಲ್ಲಿ ಬೋಲ್ಟ್ ಹಿಡಿಯದು, ತೂತಿನಿಂದ ನೀರೂ ಇಳಿಯುತ್ತದೆ. ಅಂಥ ಮನೆಗೆ ಅಂಗಳದಲ್ಲಿ ಕಾಂಕ್ರೀಟು ಹಾಕಿ ಕಂಬ ನೆಡುವುದು ಉತ್ತಮ.

2. ಕೋನ. ಡಿಶ್‌ನ ಹಿಂಬದಿಯ ಪಟ್ಟಿಯಲ್ಲಿ ಡಿಗ್ರಿಯ ಗೆರೆಗಳಿರುತ್ತವೆ. ಅಲ್ಲಿ ಊರಿನ ಉನ್ನತ ಕೋನಕ್ಕೆ ಹೊಂದಿಸಿ, ಬೋಲ್ಟನ್ನು ಅರ್ಧ ಬಿಗಿಯಬೇಕು. ಡಿಶ್‌ನ ಮುಖ ನಿಜವಾದ ಕೋನಕ್ಕಿಂತ ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ. ಎಲ್‌ಎನ್‌ಬಿಯನ್ನು ಕೆಳಬದಿಗೆ ಸರಿಸಿರುವ ವಿನ್ಯಾಸವೇ ಹಾಗೆ. ಇದನ್ನು ತಪ್ಪೆಂದು ಬಗೆದು ಮೇಲೆತ್ತಬಾರದು.

3. ಕೇಬಲ್. ಬಾಕ್ಸ್‌ನ ವಿದ್ಯುತ್ ತೆಗೆದ ಬಳಿಕವೇ ಕೇಬಲ್ ಜೋಡಿಸಬೇಕು. ಎಲ್‌ಎನ್‌ಬಿಗೆ ಬೇಕಾದ ವಿದ್ಯುತ್ ಅದೇ ಕೇಬಲ್ಲಿನಲ್ಲಿ ಹರಿಯುತ್ತದೆ. ಹೊರ ಹೆಣಿಗೆಯ ಒಂದು ಎಳೆಯೂ ನಡುವಿನ ತಾಮ್ರದ ತಂತಿಯನ್ನು ಮುಟ್ಟಬಾರದು. ಮನೆಯೊಳಗೆ ಹೋಗುವ ಮೊದಲು ಕೇಬಲ್ಲನ್ನು ಕೆಳಕ್ಕೆ ಬಾಗಿಸಿದರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

4. ದಿಕ್ಕು. ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ದೂರ ಹಿಡಿದು ನೋಡಬೇಕು. ಬಾಕ್ಸ್ ತೋರಿಸುವ ಎರಡು ಅಳತೆಗಳಲ್ಲಿ ಸಂಕೇತದ ಬಲಕ್ಕಿಂತ ಗುಣಮಟ್ಟವೇ ಮುಖ್ಯ. ಬಲವಿದ್ದು ಗುಣಮಟ್ಟ ಸೊನ್ನೆಯಿದ್ದರೆ ಡಿಶ್ ಬೇರೆಡೆ ನೋಡುತ್ತಿದೆ ಎಂದರ್ಥ. ಒಂದು ಡಿಗ್ರಿ ತಪ್ಪಿದರೆ ಉಪಗ್ರಹದ ಎತ್ತರದಲ್ಲಿ ಅದು ಆರುನೂರು ಕಿ.ಮೀ.ಗೂ ಹೆಚ್ಚಿನ ತಪ್ಪು. ಆದುದರಿಂದ ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ಕೆಲವು ಕ್ಷಣ ಕಾದು, ಮತ್ತೆ ತಿರುಗಿಸಬೇಕು. ಕೊನೆಯಲ್ಲಿ ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲೇ ನಿಧಾನವಾಗಿ ತಿರುಗಿಸಿ, ಗುಣಮಟ್ಟ ಅತಿ ಹೆಚ್ಚು ಬರುವಲ್ಲಿ ಬಿಗಿಯಬೇಕು. ಅಲೆಯ ಧ್ರುವೀಕರಣಕ್ಕೆ ಹೊಂದಿಕೊಂಡು ಅದು ಓರೆಯಾಗಿ ನಿಲ್ಲುತ್ತದೆ.

ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಎಲ್ಲ ವಾಹಿನಿಗಳೂ ಬರುವುದಿಲ್ಲ; ಹೊಸದನ್ನು ಕೊಳ್ಳುವವರು ಎಂಪೆಗ್-4 ಬಾಕ್ಸನ್ನೇ ಆರಿಸಬೇಕು. ಜೋರು ಮಳೆಯಲ್ಲಿ ಚಿತ್ರ ಒಡೆದರೆ ಡಿಶ್ಶನ್ನು ಮುಟ್ಟಬಾರದು. ಈ ಅಲೆಗಳ ತರಂಗದೂರ ಎರಡು ಮೂರು ಸೆಂ.ಮೀ. ಮಾತ್ರ. ಅಷ್ಟು ಕಿರಿದಾದ ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುತ್ತವೆ. ಮಳೆ ತಗ್ಗಿದಾಗ ಚಿತ್ರ ತಾನಾಗಿ ಮರಳುತ್ತದೆ.

ಎಚ್ಚರಿಕೆ

ಆ್ಯಂಟೆನಾದ ಕಂಬ ವಿದ್ಯುತ್ ತಂತಿಯ ಮೇಲೆ ಉರುಳಿದರೆ ಹಿಡಿದವನ ಪ್ರಾಣಕ್ಕೇ ಅಪಾಯ. ಕಂಬವು ಬಿದ್ದರೂ ತಂತಿಗೆ ತಾಗದಷ್ಟು ದೂರದ ಜಾಗವನ್ನೇ ಆರಿಸಬೇಕು. ಕಂಬವನ್ನು ತಾಮ್ರದ ತಂತಿಯಿಂದ ಭೂಮಿಗೆ ಸಂಪರ್ಕಿಸಬೇಕು. ಗುಡುಗು ಆರಂಭವಾಗುವ ಮೊದಲೇ ಕೇಬಲ್ಲನ್ನೂ ವಿದ್ಯುತ್ ಪ್ಲಗ್ಗನ್ನೂ ತೆಗೆದಿಡಬೇಕು. ಪಾಚಿ ಕಟ್ಟಿದ ಹಂಚಿನ ಮೇಲೆ ಮಳೆಗಾಲದಲ್ಲಿ ಯಾರೂ ಹತ್ತಬಾರದು. ವಿದ್ಯಾರ್ಥಿಗಳನ್ನು ಯಾವ ಕಾರಣಕ್ಕೂ ಛಾವಣಿಗೆ ಹತ್ತಿಸಬಾರದು. ಅವರ ಚಟುವಟಿಕೆಗಳೆಲ್ಲ ನೆಲದ ಮೇಲೆಯೇ ನಡೆಯಲಿ.

ತರಗತಿಗೆ

ಕೋನಮಾಪಕ, ದಾರ ಮತ್ತು ಕಲ್ಲಿನಿಂದ ಉನ್ನತ ಕೋನ ಅಳೆಯುವ ಸಾಧನವನ್ನು ಮಾಡಿಸಿ, ಶಾಲೆಯ ಅಂಗಳದಿಂದ ಉಪಗ್ರಹದ ದಿಕ್ಕನ್ನು ತೋರಿಸಲು ಹೇಳಬಹುದು. ಗ್ರಾಫ್ ಹಾಳೆಯಲ್ಲಿ ಪರವಲಯ ಬರೆಸಿ ನಾಭಿಯನ್ನು ಗುರುತಿಸಬಹುದು. ಸಂಕೇತ ಭೂಮಿಯಿಂದ ಉಪಗ್ರಹಕ್ಕೆ ಏರಿ ಮನೆಗೆ ಇಳಿಯಲು ಬೇಕಾದ ಸಮಯವನ್ನು ಲೆಕ್ಕ ಹಾಕಿಸಿದರೆ ಸುಮಾರು 0.24 ಸೆಕೆಂಡು ಬರುತ್ತದೆ.

ಡಿಶ್ ಕೂರಿಸಲು ಬಂದವನ ಮಾತನ್ನು ಮಗು ಮಲಯಾಳಂ, ತಮಿಳು, ಮರಾಠಿ ಇಲ್ಲವೆ ತೆಲುಗಿನಲ್ಲಿ ಕೇಳಿರುತ್ತದೆ. ಅದೇ ವಸ್ತುವನ್ನು ಪರವಲಯ, ನಾಭಿ, ಉನ್ನತ ಕೋನ, ತರಂಗದೂರ, ಭೂಸ್ಥಿರ ಉಪಗ್ರಹ ಎಂಬ ಪದಗಳಿಂದ ವಿವರಿಸಲು ಶಿಕ್ಷಕರು ಅವಕಾಶ ಕೊಟ್ಟರೆ, ಪಠ್ಯಪುಸ್ತಕದ ಪದಗಳು ಕಂಠಪಾಠದ ಹೊರೆಯಾಗಿ ಉಳಿಯುವುದಿಲ್ಲ. ತನ್ನ ಮನೆಯ ಮೇಲಿರುವ ವಸ್ತುವಿನ ಬಗ್ಗೆ ತನ್ನ ಭಾಷೆಯಲ್ಲಿಯೇ ಹೇಳಬಲ್ಲೆನೆಂಬ ಧೈರ್ಯ ಮಗುವಿಗೆ ಬರುತ್ತದೆ.