ಬೀದಿಗೆ ಬಂದ ಚಿತ್ರಶಾಲೆ

ಚಿತ್ರ ನೋಡಬೇಕಾದರೆ ಚಿತ್ರಶಾಲೆಗೇ ಹೋಗಬೇಕೆಂಬುದು ನಮ್ಮಲ್ಲಿ ಬೇರೂರಿದ ಭಾವನೆ. ಚಿತ್ರವೇ ಬೀದಿಗೆ ಬಂದರೆ ಹೇಗಿರುತ್ತದೆಂದು ತಿಳಿಯಲು ದೆಹಲಿಯ ಲೋದಿ ಕಾಲೊನಿಯಲ್ಲಿ ಒಂದು ಸುತ್ತು ಬಂದರೆ ಸಾಕು.

ಬ್ರಿಟಿಷ್ ಆಳ್ವಿಕೆಯ ಕೊನೆಗಾಲದಲ್ಲಿ, 1940ರ ದಶಕದಲ್ಲಿ, ಸರಕಾರಿ ನೌಕರರಿಗಾಗಿ ಕಟ್ಟಿದ ವಸತಿಗಳಿವು. ಎತ್ತರವಾದ ಕಮಾನುಗಳು, ಅಗಲವಾದ ಗೋಡೆಗಳು, ಮುಂದೆ ಮರಗಳ ಸಾಲು. ದಾರಿಹೋಕನು ನಿಂತು ನೋಡಲು ತಕ್ಕ ಸ್ಥಳ. 2015ರಲ್ಲಿ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನವು ಇಲ್ಲಿ ಕೆಲಸ ತೊಡಗಿತು. ದೇಶವಿದೇಶಗಳ ಕಲಾವಿದರು ಬರೆದ ಚಿತ್ರಗಳು ಕೆಲವೇ ವರ್ಷಗಳಲ್ಲಿ 50ನ್ನು ಮೀರಿದುವು.

ಇಷ್ಟು ದೊಡ್ಡ ಚಿತ್ರವನ್ನು ಬರೆಯುವುದು ಹೇಗೆ? ಮೊದಲು ಗೋಡೆಯನ್ನು ತಿಕ್ಕಿ, ಬಿರುಕು ಮುಚ್ಚಿ, ಬಿಳಿಯ ಬಣ್ಣ ಬಳಿಯುತ್ತಾರೆ. ಕಾಗದದ ಮೇಲಿನ ಚಿತ್ರಕ್ಕೆ ಚೌಕಗಳನ್ನು ಎಳೆದು, ಅಷ್ಟೇ ಚೌಕಗಳನ್ನು ಗೋಡೆಯ ಮೇಲೂ ಎಳೆದು, ಒಂದೊಂದನ್ನೇ ತುಂಬುತ್ತಾ ಹೋಗುವುದು ಹಳೆಯ ಕ್ರಮ. ಸಾರವೆಯ ಮೇಲೆ ನಿಂತವನಿಗೆ ಕೈಯೆದುರಿನ ತುಂಡು ಮಾತ್ರ ಕಾಣುತ್ತದೆ. ಇಡೀ ಚಿತ್ರ ಕಾಣಬೇಕಾದರೆ ಕೆಳಗಿಳಿದು ಬೀದಿಯಾಚೆ ನಿಲ್ಲಬೇಕು.

ಡಾಕು ಎಂಬ ಹೆಸರಿನ ಮರೆಯಲ್ಲಿದ್ದ ಕಲಾವಿದರ ಕೃತಿಯೊಂದು ಬಣ್ಣವನ್ನೇ ನಂಬಿಲ್ಲ. ಅಕ್ಷರಗಳು ಗೋಡೆಯಿಂದ ಹೊರಚಾಚಿವೆ. ಬಿಸಿಲು ಬಿದ್ದಾಗ ಅವುಗಳ ನೆರಳು ಗೋಡೆಯ ಮೇಲೆ ಪದಗಳಾಗಿ ಮೂಡಿ, ಹೊತ್ತು ಸರಿದಂತೆ ಓರೆಯಾಗಿ, ಕೊನೆಗೆ ಅಳಿಸಿಹೋಗುತ್ತದೆ. ಕಾಲವು ಎಲ್ಲವನ್ನೂ ಬದಲಿಸುತ್ತದೆಂಬುದೇ ಅದರ ತಾತ್ಪರ್ಯ.

ಪ್ರತಿಷ್ಠಾನದ ಸ್ಥಾಪಕರಲ್ಲೊಬ್ಬರಾದ ಹನೀಫ್ ಕುರೇಶಿಯವರು (1982–2024) ಅಂಗಡಿಗಳ ಬೋರ್ಡು ಬರೆಯುವವರ ಅಕ್ಷರಶೈಲಿಗಳನ್ನು ಸಂಗ್ರಹಿಸಿ ಉಳಿಸಿದವರು. ಫ್ಲೆಕ್ಸ್ ಬಂದ ಮೇಲೆ ಆ ಕೈಗಳಿಗೆ ಕೆಲಸ ತಪ್ಪಿತು. ಬೀದಿಯ ಕಲೆ ಹೊಸ ಫ್ಯಾಷನ್ನಲ್ಲ, ಬಡ ಕುಶಲಿಗಳು ಬಹುಕಾಲದಿಂದ ನಡೆಸಿಕೊಂಡು ಬಂದ ವೃತ್ತಿ ಎಂಬುದನ್ನು ನಾವು ಮರೆಯಬಾರದು.

ಹೊರಗೋಡೆಯ ಚಿತ್ರಕ್ಕೆ ಆಯುಸ್ಸು ಕಡಮೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ಮಳೆಗೆ ಗಾರೆ ಉದುರುತ್ತದೆ, ಉಳಿದುದರ ಮೇಲೆ ಜಾಹೀರಾತು ಅಂಟುತ್ತದೆ. ಮನೆಯವರಿಗೂ ವರ್ಗವಾಗುತ್ತದೆ. ಹಾಗಾದರೆ ಇದನ್ನು ಕಾಯುವವರು ಯಾರು?

ಉತ್ತರ ನಮ್ಮ ಮಲೆನಾಡಿನಲ್ಲಿಯೇ ಉಂಟು. ದೀವರ ಹೆಂಗಸರು ಮದುವೆಗೆಂದು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಹಸೆಚಿತ್ತಾರ ಬರೆಯುತ್ತಾರೆ. ಅದೂ ಮಾಸುತ್ತದೆ, ಆದರೆ ಮುಂದಿನ ಮದುವೆಗೆ ಮತ್ತೊಂದು ಕೈ ಬರೆಯುತ್ತದೆ. ಅಲ್ಲಿ ಉಳಿದು ಬಂದಿರುವುದು ಚಿತ್ರವಲ್ಲ, ಬರೆಯುವ ರೂಢಿ. ನಗರದ ಗೋಡೆಗೂ ಇದೇ ದಾರಿ. ಬಿಡುವಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿರಿ. ಮರಳಿ ಬಂದು ಅವರ ಕೈಗೂ ಒಂದು ಕುಂಚ ಕೊಡಿರಿ.