ಆಹಾರ ಒಗ್ಗದಿರುವಿಕೆ ಮತ್ತು ಮಗುವಿನ ಚರ್ಮ

ಮಗುವಿನ ಮೈಮೇಲೆ ಗಂಧೆ ಎದ್ದರೆ, ತುರಿಕೆ ಹತ್ತಿದರೆ, ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಏನು ತಿಂದೆ?’ ಎಂಬುದು. ಬದನೆಕಾಯಿ ನಂಜು, ಮೊಟ್ಟೆ ಉಷ್ಣ, ಮೀನು ತಿಂದರೆ ಕಜ್ಜಿ ಹೆಚ್ಚುತ್ತದೆ ಎಂಬ ಮಾತುಗಳು ನೀಲಗಿರಿಯ ಮನೆಗಳಲ್ಲಿಯೂ ಮೈಸೂರು ಸೀಮೆಯ ಹಳ್ಳಿಗಳಲ್ಲಿಯೂ ಬಳಕೆಯಲ್ಲಿವೆ. ಈ ಮಾತುಗಳಲ್ಲಿ ಅನುಭವದ ಅಂಶವೂ ಇದೆ, ತಪ್ಪು ಗ್ರಹಿಕೆಯೂ ಇದೆ. ಎರಡನ್ನೂ ಬೇರ್ಪಡಿಸಿ ನೋಡದಿದ್ದರೆ ಎರಡು ಬಗೆಯ ಹಾನಿ ಸಂಭವಿಸುತ್ತದೆ. ನಿಜವಾಗಿ ಒಗ್ಗದ ಆಹಾರ ಮಗುವಿನ ತಟ್ಟೆಯಲ್ಲಿ ಉಳಿಯಬಹುದು; ಅಗತ್ಯವಾದ ಆಹಾರ ತಟ್ಟೆಯಿಂದ ಹೊರಗೆ ಹೋಗಬಹುದು. ತಮಿಳುನಾಡಿನಲ್ಲಿ 1982ರಲ್ಲಿ ಆರಂಭವಾದ ಸತ್ತುಣವು ಯೋಜನೆಯಡಿ ಶಾಲೆಯ ಮಧ್ಯಾಹ್ನದ ಊಟದೊಡನೆ ಇಂದು ಬೇಯಿಸಿದ ಮೊಟ್ಟೆಯೂ ದೊರೆಯುತ್ತದೆ. ಬಡ ಕುಟುಂಬದ ಮಗುವಿಗೆ ಆ ದಿನದ ಉತ್ತಮ ಪ್ರೋಟೀನು ಅದೊಂದೇ ಆಗಿರಬಹುದು. ಆದುದರಿಂದ ಈ ವಿಷಯದ ಸ್ಥೂಲ ತಿಳಿವಳಿಕೆ ಶಿಕ್ಷಕರಿಗೆ ಅವಶ್ಯಕ.

ಮೂರು ಬಗೆಯ ತೊಂದರೆಗಳು

ಮೊದಲನೆಯದು ನಿಜವಾದ ಒಗ್ಗದಿರುವಿಕೆ, ಅಂದರೆ ಅಲರ್ಜಿ. ದೇಹದ ರಕ್ಷಣಾ ವ್ಯವಸ್ಥೆಯು ಆಹಾರದ ಒಂದು ಪ್ರೋಟೀನನ್ನು ಶತ್ರುವೆಂದು ಭಾವಿಸಿ ಹಿಸ್ಟಮಿನ್ ಮೊದಲಾದ ದ್ರವ್ಯಗಳನ್ನು ಬಿಡುಗಡೆ ಮಾಡುತ್ತದೆ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಪಿತ್ತದ ಗಂಧೆಗಳು ಏಳುತ್ತವೆ. ತುಟಿ, ಕಣ್ಣುರೆಪ್ಪೆಗಳು ಊದಿಕೊಳ್ಳಬಹುದು. ಹಾಲು, ಮೊಟ್ಟೆ, ನೆಲಗಡಲೆ, ಗೋಧಿ, ಸೋಯಾ, ಮೀನು, ಸೀಗಡಿ, ಎಳ್ಳು, ಗೋಡಂಬಿ ಇದಕ್ಕೆ ಸಾಮಾನ್ಯ ಕಾರಣಗಳು. ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡಬಹುದು.

ಎರಡನೆಯದು ಅಲರ್ಜಿಯಂತೆ ತೋರುವ, ಆದರೆ ಅಲರ್ಜಿಯಲ್ಲದ ಪ್ರತಿಕ್ರಿಯೆ. ಸರಿಯಾಗಿ ಬೇಯದ ಕೆಸುವಿನ ಎಲೆ ಅಥವಾ ಸುವರ್ಣಗಡ್ಡೆ ಬಾಯಿ ಕೆರೆಯುವುದು ಅದರಲ್ಲಿರುವ ಸೂಜಿಯಂತಹ ಹರಳುಗಳಿಂದ. ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಕೆರೆತ ತಗ್ಗುತ್ತದೆ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಬಂಗುಡೆಯಂತಹ ಮೀನನ್ನು ತಂಪಿನಲ್ಲಿ ಇಡದಿದ್ದರೆ ಮೀನಿನಲ್ಲಿಯೇ ಹಿಸ್ಟಮಿನ್ ಬೆಳೆಯುತ್ತದೆ. ಅದನ್ನು ತಿಂದವರ ಮುಖ ಕೆಂಪೇರಿ ಮೈ ತುರಿಸಬಹುದು. ಒಂದೇ ಊಟ ಮಾಡಿದ ಹಲವರಿಗೆ ಹೀಗಾದರೆ ಅದು ಒಬ್ಬ ಮಗುವಿನ ಅಲರ್ಜಿಯಲ್ಲ, ಮೀನಿನ ದೋಷ. ಹಾಲು ಕುಡಿದಾಗ ಹೊಟ್ಟೆಯುಬ್ಬರ, ಭೇದಿ ಮಾತ್ರ ಆಗುತ್ತಿದ್ದರೆ ಅದು ಹೆಚ್ಚಾಗಿ ಹಾಲಿನ ಸಕ್ಕರೆ ಜೀರ್ಣವಾಗದಿರುವ ತೊಂದರೆ. ಚರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯದು ಆಹಾರದ ಕೊರತೆಯಿಂದ ಚರ್ಮ ಕೆಡುವುದು. ಇದು ಮೊದಲೆರಡಕ್ಕೆ ತದ್ವಿರುದ್ಧ. ಅಲ್ಲಿ ತಿಂದದ್ದರಿಂದ ತೊಂದರೆ; ಇಲ್ಲಿ ತಿನ್ನದಿರುವುದರಿಂದ ತೊಂದರೆ.

ನಂಬಿಕೆ ಮತ್ತು ಪರೀಕ್ಷೆ

ಬದನೆಕಾಯಿಯ ನಂಜಿನ ಮಾತನ್ನು ಮೈಸೂರಿನ ಸಂಶೋಧಕರು ಪರೀಕ್ಷೆಗೆ ಒಡ್ಡಿದ್ದಾರೆ. 2008ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 741 ಮಂದಿಯನ್ನು ವಿಚಾರಿಸಲಾಗಿತ್ತು. ಅವರಲ್ಲಿ ಸುಮಾರು ಶೇ. 9ರಷ್ಟು ಜನ ಬದನೆಕಾಯಿ ತಮಗೆ ಒಗ್ಗುವುದಿಲ್ಲವೆಂದರು. ಪರೀಕ್ಷೆಗಳಲ್ಲಿ ನಿಜವಾದ ಅಲರ್ಜಿ ಕಂಡುಬಂದದ್ದು ಶೇ. 1ಕ್ಕಿಂತಲೂ ಕಡಿಮೆ ಜನರಲ್ಲಿ. ಬದನೆಯಲ್ಲಿಯೇ ಹಿಸ್ಟಮಿನ್ ಇರುವುದರಿಂದ ಕೆಲವರಿಗೆ ತುರಿಕೆಯಾಗುವುದು ಸುಳ್ಳಲ್ಲ. ಆದರೆ ‘ನನಗೆ ಒಗ್ಗುವುದಿಲ್ಲ’ ಎನ್ನುವವರೆಲ್ಲರೂ ಅಲರ್ಜಿಯುಳ್ಳವರಲ್ಲ.

ರಕ್ತಪರೀಕ್ಷೆಯ ಫಲಿತಾಂಶವನ್ನೂ ಇದೇ ಎಚ್ಚರದಿಂದ ಓದಬೇಕು. ಕರ್ನಾಟಕದ ಶಾಲಾಮಕ್ಕಳನ್ನೂ ಒಳಗೊಂಡ ಅಂತರರಾಷ್ಟ್ರೀಯ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಇಲ್ಲಿನ ಮಕ್ಕಳಲ್ಲಿ ಸುಮಾರು ಶೇ. 19ರಷ್ಟು ಮಂದಿಯ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯಗಳು ಕಂಡವು. ತಿಂದಾಗ ತೊಂದರೆಯೂ ಆಗುವ ಸಂಭಾವ್ಯ ಅಲರ್ಜಿಯುಳ್ಳವರು ಶೇ. 0.14 ಮಾತ್ರ. ಪ್ರತಿಕಾಯವಿದ್ದ ಮಾತ್ರಕ್ಕೆ ಆ ಆಹಾರವನ್ನು ಬಿಡಿಸಬೇಕಾಗಿಲ್ಲ. ತಿಂದಾಗ ಏನಾಯಿತು ಎಂಬ ವಿವರ ವೈದ್ಯರಿಗೆ ಪರೀಕ್ಷೆಯಷ್ಟೇ ಮುಖ್ಯ.

ಕೂನೂರು ಕಲಿಸಿದ ಪಾಠ

ಆಹಾರದ ಕೊರತೆಗೂ ಚರ್ಮಕ್ಕೂ ಇರುವ ಸಂಬಂಧವನ್ನು ತಿಳಿಯಲು ನೀಲಗಿರಿಯ ಶಿಕ್ಷಕರು ದೂರ ಹೋಗಬೇಕಾಗಿಲ್ಲ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದು ಕೊಠಡಿಯಲ್ಲಿ ಆರಂಭಿಸಿದ ಸಂಶೋಧನೆಯು ಮುಂದೆ ಪೌಷ್ಟಿಕತಾ ಸಂಶೋಧನಾಲಯವಾಗಿ ಬೆಳೆಯಿತು. 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಅದುವೇ ಇಂದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ. ಕೂನೂರಿನ ನಿರ್ದೇಶಕರಾಗಿದ್ದ ಅಯ್‌ಕ್ರಾಯ್ಡ್ ಅವರೂ ಸಹೋದ್ಯೋಗಿಗಳೂ 1930ರ ದಶಕದಲ್ಲಿ ದಕ್ಷಿಣ ಭಾರತದ ಶಾಲಾಮಕ್ಕಳನ್ನು ಪರೀಕ್ಷಿಸಿ, ಕಪ್ಪೆಚರ್ಮವೆಂಬ ಸ್ಥಿತಿಯನ್ನು ಗುರುತಿಸಿದರು. ಮೊಣಕೈ, ಮೊಣಕಾಲುಗಳ ಹೊರಬದಿಯಲ್ಲಿ ಮುಳ್ಳಿನಂತಹ ಒರಟು ಗುಳ್ಳೆಗಳೇಳುವುದು ಇದರ ಲಕ್ಷಣ. ಇದಕ್ಕೆ ‘ಎ’ ಜೀವಸತ್ವದ ಕೊರತೆಯೇ ಕಾರಣವೆಂದು ಮೊದಲು ಭಾವಿಸಲಾಗಿತ್ತು. ಎಣ್ಣೆಬೀಜಗಳ ಅವಶ್ಯಕ ಕೊಬ್ಬಿನಾಮ್ಲಗಳು ಮತ್ತು ‘ಬಿ’ ಗುಂಪಿನ ಜೀವಸತ್ವಗಳ ಕೊರತೆಯೂ ಕಾರಣವೆಂದು ಮುಂದಿನ ಸಂಶೋಧನೆಗಳು ತೋರಿಸಿದವು.

ಇಂತಹ ಮಗುವಿಗೆ ‘ನಂಜು’ ಎಂದು ಮೊಟ್ಟೆ, ಕಾಳು, ಎಣ್ಣೆಯ ಪದಾರ್ಥಗಳನ್ನು ನಿಲ್ಲಿಸಿದರೆ ರೋಗಕ್ಕೆ ಕಾರಣವಾದದ್ದನ್ನೇ ಹೆಚ್ಚಿಸಿದಂತಾಗುತ್ತದೆ. ಪಥ್ಯ ಹೇಳುವ ಮೊದಲು ಚರ್ಮವನ್ನು ನೋಡಬೇಕೆಂಬುದೇ ಕೂನೂರಿನ ಪಾಠ.

ಆಹಾರಕ್ಕೆ ಸಂಬಂಧವಿಲ್ಲದ ತುರಿಕೆ

ಶಾಲೆಯಲ್ಲಿ ಕಾಣುವ ತುರಿಕೆಗಳಲ್ಲಿ ಹೆಚ್ಚಿನವು ಆಹಾರದಿಂದ ಬಂದವಲ್ಲ. ಬೆರಳಸಂದಿಯಲ್ಲಿ ಗುಳ್ಳೆಯಾಗಿ ರಾತ್ರಿ ತುರಿಕೆ ಹೆಚ್ಚುವುದು, ಮನೆಯ ಇತರರಿಗೂ ಹರಡುವುದು ಕಜ್ಜಿಯ ಲಕ್ಷಣ. ಅದಕ್ಕೆ ಕಾರಣ ಒಂದು ಸೂಕ್ಷ್ಮ ಹುಳು. ಉಂಗುರದಂತೆ ಬೆಳೆಯುವ ಕಲೆ ಹುಳುಕಡ್ಡಿ. ಅದು ಶಿಲೀಂಧ್ರದ ಸೋಂಕು. ಉದಕಮಂಡಲದಲ್ಲಿ ಡಿಸೆಂಬರ್, ಜನವರಿಯ ಮಂಜು ಹೆಪ್ಪುಗಟ್ಟುವ ದಿನಗಳಲ್ಲಿ ಒಣಗಾಳಿ, ಬಿಸಿನೀರಿನ ಸ್ನಾನ, ಉಣ್ಣೆಯ ಬಟ್ಟೆಗಳಿಂದ ಚರ್ಮ ಒಡೆದು ಇಸುಬು ಕೆರಳುತ್ತದೆ. ಸ್ನಾನದ ಬಳಿಕ ಎಣ್ಣೆಯನ್ನಾಗಲಿ ಮುಲಾಮನ್ನಾಗಲಿ ಹಚ್ಚುವುದು ಅಲ್ಲಿ ಪಥ್ಯಕ್ಕಿಂತ ಉಪಯುಕ್ತ. ಕಜ್ಜಿ, ಶಿಲೀಂಧ್ರದ ಸೋಂಕು, ಇಸುಬು ಈ ಮೂರೂ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿವೆ. ಆ ತಂಡವು ಶಾಲೆಗೆ ಬಂದಾಗ ಇಂತಹ ಮಕ್ಕಳನ್ನು ತಪ್ಪದೆ ತೋರಿಸಬೇಕು.

ಮಾತಿನ ತೊಡಕು

ಗಡಿಜಿಲ್ಲೆಯ ಶಿಕ್ಷಕರಿಗೆ ಇನ್ನೊಂದು ಹೊಣೆಯಿದೆ. ಕನ್ನಡದ ಮನೆಯಲ್ಲಿ ‘ಗಂಧೆ’ ಎನ್ನುವುದನ್ನು ತಮಿಳಿನಲ್ಲಿ ‘ಕಾಣಾಕ್ಕಡಿ’ ಎನ್ನುತ್ತಾರೆ. ‘ತುರಿಕೆ’ ತಮಿಳಿನಲ್ಲಿ ‘ಅರಿಪ್ಪು’, ಗೂಡಲೂರಿನ ಮಲಯಾಳಿ ಮನೆಗಳಲ್ಲಿ ‘ಚೊರಿಚ್ಚಿಲ್’. ಅಲರ್ಜಿಗೆ ತಮಿಳಿನ ಪದ ‘ಒವ್ವಾಮೈ’. ತಾಯಿ ‘ನಂಜು’ ಎಂದದ್ದನ್ನು ಆಸ್ಪತ್ರೆಯಲ್ಲಿ ಅದೇ ಪದದಿಂದ ಹೇಳಿದರೆ ತಮಿಳು ಬಲ್ಲವರಿಗೆ ಅದು ‘ವಿಷ’ ಎಂದು ಕೇಳಿಸುತ್ತದೆ. ಆದುದರಿಂದ ರೋಗದ ಹೆಸರಿಗಿಂತ ಕಂಡದ್ದನ್ನು ವರ್ಣಿಸಿ ಬರೆದುಕೊಡುವುದು ಕ್ಷೇಮ.

ಶಿಕ್ಷಕರು ಮಾಡಬೇಕಾದುದು

1. ಪ್ರವೇಶದ ಸಮಯದಲ್ಲಿಯೇ ಮಗುವಿಗೆ ಒಗ್ಗದ ಆಹಾರವಿದೆಯೇ ಎಂದು ಪೋಷಕರನ್ನು ಕೇಳಿ ಬರೆದಿಡಬೇಕು, ಅಡುಗೆಯವರಿಗೂ ತಿಳಿಸಬೇಕು.

2. ಶಾಲೆಯಲ್ಲಿ ಗಂಧೆ ಎದ್ದರೆ ನಾಲ್ಕು ಸಂಗತಿಗಳನ್ನು ದಾಖಲಿಸಬೇಕು: ಏನು ತಿಂದಿತು, ತಿಂದ ಎಷ್ಟು ಹೊತ್ತಿಗೆ ಕಾಣಿಸಿತು, ಎಷ್ಟು ಹೊತ್ತು ಇತ್ತು, ಹಿಂದೆಯೂ ಅದೇ ಆಹಾರದಿಂದ ಆಗಿತ್ತೇ.

3. ತಾವಾಗಿಯೇ ಯಾವ ಆಹಾರವನ್ನೂ ಶಾಶ್ವತವಾಗಿ ನಿಷೇಧಿಸಬಾರದು. ಸಂಶಯವಿದ್ದ ಆಹಾರವನ್ನು ವೈದ್ಯರು ನೋಡುವವರೆಗೆ ಮಾತ್ರ ತಡೆಯಬೇಕು. ಮೊಟ್ಟೆಯ ಬದಲು ಬಾಳೆಹಣ್ಣು ಕೊಡುವ ಪದ್ಧತಿಯಿದ್ದರೂ ಪ್ರೋಟೀನಿನಲ್ಲಿ ಅದು ಮೊಟ್ಟೆಗೆ ಸಮನಲ್ಲ. ಕಾಳುಬೇಳೆಗಳನ್ನು ಹೆಚ್ಚಿಸುವಂತೆ ಪೋಷಕರಿಗೆ ತಿಳಿಸಬೇಕು.

4. ಪರೀಕ್ಷಿಸಿ ನೋಡುವ ಉದ್ದೇಶದಿಂದ ಸಂಶಯದ ಆಹಾರವನ್ನು ಮಗುವಿಗೆ ಎಂದಿಗೂ ತಿನ್ನಿಸಬಾರದು.

5. ಗಂಧೆಯ ಜೊತೆಗೆ ಉಸಿರಾಟದ ಕಷ್ಟ, ಸ್ವರ ಬದಲಾವಣೆ, ಪದೇಪದೇ ವಾಂತಿ, ತಲೆಸುತ್ತು ಇವುಗಳಲ್ಲಿ ಒಂದಾದರೂ ಕಂಡರೆ ಅದು ಪ್ರಾಣಾಪಾಯದ ಸ್ಥಿತಿ. ಒಡನೆ 108ಕ್ಕೆ ಕರೆ ಮಾಡಬೇಕು. ಮಗುವನ್ನು ನಡೆಸದೆ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು. ಉಸಿರಾಟ ಕಷ್ಟವಾದರೆ ಕೂರಿಸಬಹುದು. ಬಾಯಿಗೆ ಏನನ್ನೂ ಹಾಕಬಾರದು. ಇದಕ್ಕೆ ಮುಖ್ಯ ಔಷಧ ಆಸ್ಪತ್ರೆಯಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನೇರಿ ಉದಕಮಂಡಲ ತಲುಪಬೇಕಾದಂತಹ ಊರುಗಳಲ್ಲಿ ಪೋಷಕರು ಬರಲಿ ಎಂದು ಕಾಯುವುದು ಅಪಾಯಕರ. ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಬೇಕು.

6. ಅಲರ್ಜಿಯುಳ್ಳ ಮಗುವನ್ನು ಊಟದ ಸಾಲಿನಿಂದ ಬೇರೆಯಾಗಿ ಕೂರಿಸಬಾರದು. ಅಲರ್ಜಿ ಅಂಟುರೋಗವಲ್ಲ ಎಂಬುದನ್ನು ತರಗತಿಯಲ್ಲಿ ವಿವರಿಸಬೇಕು. ಕಜ್ಜಿಯ ಮಗುವಿಗೂ ಚಿಕಿತ್ಸೆ ಕೊಡಿಸಬೇಕೇ ಹೊರತು ಅವಮಾನವಾಗಬಾರದು.

ರೋಗನಿರ್ಣಯ ವೈದ್ಯರ ಕೆಲಸ. ಆದರೆ ಮಗು ದಿನದ ಒಂದು ಊಟವನ್ನು ಶಿಕ್ಷಕರ ಕಣ್ಣೆದುರಿಗೇ ಮಾಡುತ್ತದೆ. ಅವರು ದಿನಾಂಕ, ಹೊತ್ತು ಸಹಿತ ಬರೆದಿಟ್ಟ ನಾಲ್ಕು ಸಾಲುಗಳು ಮಗುವಿಗೆ ಯಾವ ಆಹಾರವನ್ನು ಬಿಡಿಸಬೇಕು, ಯಾವುದನ್ನು ಉಳಿಸಬೇಕು ಎಂದು ನಿರ್ಧರಿಸಲು ವೈದ್ಯರಿಗೆ ಆಧಾರವಾಗುತ್ತವೆ.